ರುದ್ರಸ್ವಾಮಿಯವರ ಗಂಧಕದ ಬತ್ತಿ

ನಮ್ಮ ಮನೆಗೂ ರಾಗಿ ಮಿಷಿನ್ನಿಗೂ ನಡುವೆ ಇದ್ದದ್ದು ಎದೆಮಟ್ಟದ ಒಂದೇ ಒಂದು ಗೋಡೆ. ಹಿನಕಲ್ಲಿನ ಆ ಬಾಡಿಗೆ ಮನೆ ನೋಡಲು ನಾವು ಹೋದದ್ದು ಭಾನುವಾರ, ಮಿಷಿನ್ನಿಗೆ ರಜ. ಮನೆ ತೋರಿಸಿದವರು ನಲ್ಲಿ ತಿರುಗಿಸಿ ನೀರು ತೋರಿಸಿದರು, ಕಿಟಕಿ ತೆಗೆದು ಗಾಳಿ ತೋರಿಸಿದರು. ಗೋಡೆಯಾಚೆ ಏನಿದೆ ಅಂತ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಸಾಮಾನು ಇಳಿಸಿದ ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಎಂಜಿನ್ ಶುರುವಾದಾಗ ಸ್ಟ್ಯಾಂಡಿನ ತಟ್ಟೆಗಳೆಲ್ಲ ಗಡಗಡ ನಡುಗಿದವು. ನಮ್ಮ ಯಜಮಾನರು ರಾಜೇಶ್ ಹೂಟಗಳ್ಳಿಯ ಫ್ಯಾಕ್ಟರಿಗೆ ಫಸ್ಟ್ ಶಿಫ್ಟಿಗೆ ಹೋಗಿಯಾಗಿತ್ತು. ಏಳು ತಿಂಗಳ ಬಸುರಿ ನಾನು, ಸೊಂಟ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ನೋಡಿದೆ. ತಗಡಿನ ಶೆಡ್ಡಿನಿಂದ ಹೊರಚಾಚಿದ್ದ ಒಂದು ಕೊಳವೆ, ನೇರ ನಮ್ಮ ಬಟ್ಟೆ ಒಣಹಾಕುವ ತಂತಿಯ ಕಡೆಗೆ ಮುಖ ಮಾಡಿಕೊಂಡು, ಕಪ್ಪಗೆ ಹೊಗೆ ಬಿಡುತ್ತಿತ್ತು.

ಅದರ ಪಕ್ಕ ನಿಂತಿದ್ದವರು ರುದ್ರಸ್ವಾಮಿ. ಐವತ್ತು ದಾಟಿದ ಗಟ್ಟಿ ಆಳು. ಹಣೆ ತುಂಬ ವಿಭೂತಿ, ಮೈ ತುಂಬ ಹಿಟ್ಟು; ಎಲ್ಲಿ ವಿಭೂತಿ ಮುಗಿದು ಎಲ್ಲಿ ಹಿಟ್ಟು ಶುರುವಾಯಿತು ಅಂತ ಹೇಳಲು ಆಗುತ್ತಿರಲಿಲ್ಲ. ಎಡಗಣ್ಣಿನ ಮೇಲೆ ಹುಬ್ಬೇ ಇರಲಿಲ್ಲ. ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಟವೆಲ್ಲು, ಚಳಿಗಾಲದಲ್ಲೂ. ನನ್ನನ್ನು ನೋಡಿ ಅವರು ನಗಲಿಲ್ಲ, ಮಾತಾಡಿಸಲಿಲ್ಲ. ಮೂಗನ್ನು ಗಾಳಿಗೆ ಎತ್ತಿ ಒಂದು ಸಲ ಮೂಸಿದರು, ಒಳಗೆ ಹೋದರು.

ಈ ಮನುಷ್ಯನ ಮೇಲೆ ಒಂದು ಕಣ್ಣಿಟ್ಟಿರಬೇಕು ಅಂತ ಅವತ್ತೇ ಅನ್ನಿಸಿತು.

ಜನವರಿಯಲ್ಲಿ ವರ್ಷಿಣಿ ಹುಟ್ಟಿದಳು. ಬಾಣಂತನಕ್ಕೆ ಅತ್ತೆ ವಸಂತಮ್ಮ ಊರಿನಿಂದ ಬಂದರು. ಮಗು ಹುಟ್ಟಿದ ಮೇಲೆ ನನ್ನ ಡೈರಿಯಲ್ಲಿ ನನ್ನ ಸುದ್ದಿ ಮುಗಿದು ಅವಳದೇ ಶುರುವಾಯಿತು: ಎಷ್ಟು ಸಲ ಕುಡಿದಳು, ಎಷ್ಟು ಹೊತ್ತು ಮಲಗಿದಳು, ಎಷ್ಟು ಬಟ್ಟೆ ಒದ್ದೆ ಮಾಡಿದಳು. ದಿನಕ್ಕೆ ಹದಿನೆಂಟು ಇಪ್ಪತ್ತು ಬಟ್ಟೆ. ಎಲ್ಲ ನಮ್ಮ ಮಾವನವರ ಹಳೇ ಪಂಚೆ ಹರಿದು ಮಾಡಿದ್ದು, ಬೆಣ್ಣೆಯಂಥ ಬಟ್ಟೆ. ಒಗೆದು ತಂತಿಗೆ ಹಾಕಿದರೆ ಹನ್ನೊಂದು ಗಂಟೆ ಹೊತ್ತಿಗೆ ಅದರ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಮಸಿ ಚುಕ್ಕೆ. ಒಂದೊಂದು ದಿನ ಎರಡೆರಡು ಸಲ ಒಗೆದಿದ್ದೇನೆ. ಹಸೀ ಬಾಣಂತಿಗೆ ಅಷ್ಟು ನೀರಿನ ಕೆಲಸ ಆಗದು ಅಂತ ಅತ್ತೆ ಬಯ್ಯುತ್ತಾ ಬಯ್ಯುತ್ತಾ ತಾವೇ ಒಗೆದರು.

ಬಟ್ಟೆಯ ಮೇಲೆ ಕೂತದ್ದು ಮಗುವಿನ ಮೂಗಿಗೆ ಹೋಗದೇ ಇರುತ್ತದೆಯೇ? ನನ್ನ ಚಿಂತೆ ಅದೊಂದೇ. ಮನೆಯಲ್ಲಿ ಮಿಕ್ಕಿದ್ದೆಲ್ಲ ಹೇಗೋ ನಡೆಯುತ್ತಿತ್ತು.

ಎದುರು ಮನೆಯ ಮಾದೇವಮ್ಮ ನನಗಿಂತ ಮೊದಲೇ ಜಗಳಕ್ಕೆ ಎದ್ದಿದ್ದರು. ಏಪ್ರಿಲ್‌ನಲ್ಲಿ ಪಂಚಾಯಿತಿ ಆಫೀಸಿಗೆ ಹೋಗಿ ಕೂಗಾಡಿ, ಮಿಷಿನ್ನಿಗೆ ನೋಟೀಸು ಕೊಡಿಸಿದರು. ಮೂರು ತಿಂಗಳಲ್ಲಿ ಹೊಗೆ ಕಡಿಮೆ ಮಾಡಬೇಕು. ಜುಲೈ ಕೊನೆಗೆ ಬಂದು ನೋಡುತ್ತೇವೆ. ಇಲ್ಲದಿದ್ದರೆ ಲೈಸೆನ್ಸ್ ರದ್ದು. ಕರೆಂಟಿನ ಮೋಟಾರು ಹಾಕಿಕೊಳ್ಳೋಣ ಅಂದರೆ ಆ ಬೀದಿಗೆ ತ್ರೀ ಫೇಸ್ ಲೈನು ಬಂದಿರಲಿಲ್ಲ. ಬಂದಿದ್ದರೂ ಆಗ ಕರೆಂಟು ಇರುತ್ತಿದ್ದದ್ದು ಅಷ್ಟರಲ್ಲೇ. ಡೀಸೆಲ್ ಎಂಜಿನ್ ನಿಂತರೆ ಮಿಷಿನ್ನೂ ನಿಂತ ಹಾಗೆ.

ಮೇ ತಿಂಗಳಲ್ಲಿ ಶೆಡ್ಡಿನ ಹಿಂದೆ ಹೊಂಗೆ ಬೀಜದ ಮೂಟೆಗಳು ಬಂದು ಬಿದ್ದವು. ಗಾಣದಿಂದ ಕಂದು ಬಣ್ಣದ ಎಣ್ಣೆ ಡಬ್ಬಗಳಲ್ಲಿ ಬಂತು. ರುದ್ರಸ್ವಾಮಿ ಅದನ್ನು ದೊಡ್ಡ ಪಾತ್ರೆಯಲ್ಲಿ ಬಿಸಿ ಮಾಡಿ, ಅದಕ್ಕೆ ಏನೇನೋ ಸುರಿದು, ಕಲಕಿ, ಎರಡು ದಿನ ಹಾಗೇ ಬಿಡುತ್ತಿದ್ದರು. ಮೇಲೆ ತಿಳಿ ನಿಲ್ಲುತ್ತಿತ್ತು, ಕೆಳಗೆ ಗಷ್ಟು. ತಿಳಿಯನ್ನು ಡೀಸೆಲ್‌ಗೆ ಬೆರೆಸಿ ಎಂಜಿನ್ನಿಗೆ ಹಾಕುತ್ತಿದ್ದರು. ಕೆಳಗಿನ ಗಷ್ಟಿನಿಂದ ಅವರ ಹೆಂಡತಿ ಗಿರಿಜಾಂಬಾ ಸೋಪು ಮಾಡುತ್ತಿದ್ದರು. ಗೋಡೆಯ ಮೇಲಿಂದ ನನಗೂ ಎರಡು ಬಿಲ್ಲೆ ಕೊಟ್ಟರು.

"ಮಗು ಬಟ್ಟೆಗೆ ಒಳ್ಳೇದು ಕಣಮ್ಮ. ಹೊಂಗೆದು. ಹುಳ ಹುಪ್ಪಟೆ ಹತ್ರ ಬರಲ್ಲ."

ಹೊಗೆ ನಿಜವಾಗಿಯೂ ಕಡಿಮೆಯಾಯಿತು. ಬಟ್ಟೆಯ ಮೇಲಿನ ಚುಕ್ಕೆ ಅರ್ಧಕ್ಕೆ ಇಳಿಯಿತು. ಹೊಗೆಯಲ್ಲಿ ಒಗ್ಗರಣೆ ಸೀದ ಹಾಗೆ ಒಂದು ವಾಸನೆ ಇತ್ತು, ಅಷ್ಟೇ. ಜೂನ್ ಕೊನೆಯ ವಾರದ ಒಂದು ದಿನ ನೋಡುತ್ತೇನೆ, ಕೊಳವೆಯಿಂದ ಬರುತ್ತಿರುವ ಹೊಗೆ ಕಣ್ಣಿಗೇ ಕಾಣಿಸುತ್ತಿಲ್ಲ. ಬಟ್ಟೆಯಲ್ಲಿ ಒಂದೇ ಒಂದು ಚುಕ್ಕೆ ಇಲ್ಲ. ಅತ್ತೆ ಕೂಡ, "ಪರವಾಗಿಲ್ಲ ಬುಡು, ಅಯ್ಯನೋರು ಏನೋ ಮಾಡವ್ರೆ" ಅಂದರು.

ಒಣಗಿದ ಬಟ್ಟೆ ಮಡಿಸಲು ಮಡಿಲಿಗೆ ಹಾಕಿಕೊಂಡೆ. ಗಪ್ಪನೆ ಉಚ್ಚೆ ವಾಸನೆ.

ಒಗೆದ ಬಟ್ಟೆ! ಬಿಸಿಲಲ್ಲಿ ಒಣಗಿದ ಬಟ್ಟೆ! ಮೂರು ದಿನದ ಹಿಂದೆ ಒದ್ದೆ ಮಾಡಿ ಮೂಲೆಯಲ್ಲಿ ಮರೆತು ಬಿಟ್ಟ ಹಾಗೆ, ಮೂಗಿಗೆ ಚುಚ್ಚುವಂಥ ವಾಸನೆ. ಮೊದಲು ಅನುಮಾನ ಪಟ್ಟದ್ದು ಅತ್ತೆಯನ್ನು. ಕಣ್ಣು ಸಾಲದು, ಸರಿಯಾಗಿ ಜಾಲಿಸಿಲ್ಲ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ, ಮಾರನೇ ದಿನ ಬೇಗ ಎದ್ದು ನಾನೇ ಒಗೆದೆ. ಅದೇ ವಾಸನೆ. ಆಮೇಲೆ ಗಿರಿಜಾಂಬಾ ಕೊಟ್ಟ ಸೋಪನ್ನು ಅನುಮಾನಿಸಿದೆ. ಅದನ್ನು ಬಚ್ಚಲ ಮೂಲೆಗೆ ಎಸೆದು, ಅಂಗಡಿಯಿಂದ ಬಾರ್ ಸೋಪು ತರಿಸಿ ಒಗೆದೆ. ಅದೇ ವಾಸನೆ. ಉಳಿದದ್ದು ಒಂದೇ. ಅದನ್ನು ಯೋಚಿಸಲು ನನಗೆ ಭಯ.

ಡೈರಿಯಲ್ಲಿ ಬರೆದೆ: "ಜುಲೈ ೩. ಪುಟ್ಟಿಯ ಉಚ್ಚೆಯಲ್ಲೇ ಏನೋ ಇದೆ. ತೊಡೆ ಸಂದಿ ಕೆಂಪಗಾಗಿದೆ. ಬೆಳಿಗ್ಗೆ ಎರಡು ಸಲ ಸೀನಿದಳು. ಕಣ್ಣಲ್ಲಿ ನೀರು."

ಅತ್ತೆಯದು ಬೇರೆ ತೀರ್ಮಾನ. "ನೀನು ತಿನ್ನೋದು ಮಗೀಗೆ ಬತ್ತದೆ ಕಣವ್ವ. ಮೊನ್ನೆ ಬ್ಯಾಡ ಬ್ಯಾಡ ಅಂದ್ರೂ ಹುರುಳಿ ಬಸ್ಸಾರು ಉಂಡೆ. ಉಷ್ಣ ಅಲ್ವಾ ಅದು?"

ಡಾಕ್ಟರ ಹತ್ತಿರ ಹೋದೆವು. ಅವರು ಮೂತ್ರ ಪರೀಕ್ಷೆ ಮಾಡಿಸಿದರು, ಹೊಟ್ಟೆ ಒತ್ತಿ ನೋಡಿದರು. ಏನೂ ಇಲ್ಲ ಅಂದರು. "ಬಟ್ಟೆ ಚೆನ್ನಾಗಿ ಒಗೀರಿ" ಅಂದರು. ಆ ಮಾತಿಗೆ ನಾನು ಆಟೋದಲ್ಲಿ ಮನೆಯವರೆಗೂ ಅಳುತ್ತಲೇ ಬಂದೆ.

ಆಷಾಢದ ಗಾಳಿ ಎದ್ದಿತ್ತು. ಪಶ್ಚಿಮದಿಂದ ಹೊಡೆದರೆ ಬಾಗಿಲು ಬಡಿದುಕೊಳ್ಳುವಷ್ಟು. ಮಿಷಿನ್ನು ಇರುವುದು ನಮಗೆ ಪಶ್ಚಿಮಕ್ಕೇ. ಇದನ್ನು ನಾನು ಆಗ ಸೇರಿಸಿ ಯೋಚಿಸಲಿಲ್ಲ.

ಒಂದು ಬೆಳಿಗ್ಗೆ ಏಳರ ಹೊತ್ತಿಗೆ ಅತ್ತೆ ಹಿತ್ತಿಲಿನಿಂದ ಓಡಿ ಬಂದು ನನ್ನ ತೋಳು ಹಿಡಿದರು. "ಬಾ ಇಲ್ಲಿ. ಸದ್ದು ಮಾಡಬ್ಯಾಡ."

ಬಚ್ಚಲ ಕಿಟಕಿಯಿಂದ ಇಣುಕಿದೆವು. ರುದ್ರಸ್ವಾಮಿ ಶೆಡ್ಡಿನ ಹಿಂಭಾಗದಲ್ಲಿ ಒಂದು ಕಡ್ಡಿ ಹಚ್ಚಿಕೊಂಡು ನಿಂತಿದ್ದರು. ಊದಿನಕಡ್ಡಿ ಅಲ್ಲ, ಹಳದಿಯ ದಪ್ಪ ಬತ್ತಿ, ನೀಲಿ ಉರಿ. ಒದ್ದೆ ಟವೆಲ್ಲನ್ನು ಮೂಗಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದರು. ಆ ಬತ್ತಿಯನ್ನು ನಿಧಾನಕ್ಕೆ ಗೋಡೆಯುದ್ದಕ್ಕೂ ಮೇಲೆ ಕೆಳಗೆ ಆಡಿಸುತ್ತಾ, ನಮ್ಮ ಮನೆಯ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ಕಣ್ಣು ಬತ್ತಿಯ ಹೊಗೆಯ ಮೇಲೇ.

"ನೋಡ್ದಾ? ಹಸುಗೂಸಿರೋ ಮನೆ ಗೋಡೆಗೆ ಏನೋ ಸುತ್ತತಾವ್ನೆ" ಅಂದರು ಅತ್ತೆ.

"ಅಯ್ಯೋ ಬಿಡಿ ಅತ್ತೆ, ಸೊಳ್ಳೆಗೇನೋ ಇರಬೇಕು."

"ಸೊಳ್ಳೆಗೆ ಮೂತಿ ಕಟ್ಕೊಂಡು ಹಚ್ತಾರಾ? ಇನ್ನೊಂದು ಹೇಳ್ತೀನಿ ಕೇಳು. ಮಿಷಿನ್ ಬಾಗಿಲಲ್ಲಿ ದೇವರ ಪಟದ ಮುಂದೆ ಹಿತ್ತಾಳೆ ಗಂಟೆ ಇರಲಿಲ್ವಾ? ಹೋದ ತಿಂಗಳೇ ಆವಯ್ಯ ತಾನೇ ಬಿಚ್ಚಿ ಒಳಗಿಕ್ಕಿದ. ತಾಮ್ರದ ಚೊಂಬೂ ಇಲ್ಲ. ದೇವರ ಗಂಟೆ ಬಿಚ್ಚೋನು ಮಾಡೋ ಕೆಲಸ ಎಂಥದು, ನೀನೇ ಹೇಳು."

ನಾನು ಓದಿದವಳು. ಮಾಟ ಮಂತ್ರ ನಂಬುವವಳಲ್ಲ. ಆದರೆ ಗಂಟೆ ಇಲ್ಲದ್ದನ್ನು ನಾನೂ ನೋಡಿದ್ದೆ. ಲಿಂಗ ಕಟ್ಟಿದ ಮನುಷ್ಯ, ದಿನಾ ಬೆಳಿಗ್ಗೆ ಪೂಜೆ ಆಗದೆ ಮಿಷಿನ್ನಿನ ಬೆಲ್ಟು ಮುಟ್ಟದವರು, ಗಂಟೆ ಯಾಕೆ ಬಿಚ್ಚಿದರು? ಅತ್ತೆ ಮೆಣಸಿನಕಾಯಿ ನಿವಾಳಿಸಿದರು. ನಾನು ಬೇಡ ಅನ್ನಲಿಲ್ಲ. ಡೈರಿಯಲ್ಲಿ ಅದನ್ನು ಬರೆಯಲೂ ಇಲ್ಲ, ನಾಚಿಕೆಯಾಯಿತು.

ಅದೇ ಸಂಜೆ ಮಾದೇವಮ್ಮ ಒಂದು ಅರ್ಜಿ ಹಿಡಿದು ಬಂದರು. ಕೆಳಗೆ ಒಂಬತ್ತು ಸಹಿ, ಎರಡು ಹೆಬ್ಬೆಟ್ಟು.

"ಸೈನ್ ಹಾಕವ್ವ. ತಪಾಸಣೆಗೆ ಹತ್ತೇ ದಿನ ಉಳಿದಿರೋದು. ಈಗ ಹೊಗೆ ಕಾಣ್ಸಲ್ಲ ಅಂತ ಬಿಟ್ಟುಬುಡ್ತಾರೆ. ನಮ್ಮದೆಲ್ಲ ಆಚೆ ಮನೆ. ಗೋಡೆ ಪಕ್ಕದೋರು ಬೇಡ ಅಂದ್ರೆ ಮಾತ್ರ ತೂಕ ಅಂತ ಸೆಕ್ರೆಟರಿನೇ ಹೇಳವ್ರೆ."

"ಇಟ್ಟು ಹೋಗಿ. ಯಜಮಾನರು ಬರಲಿ."

"ಯಜಮಾನ್ರಿಗೇನು ಫ್ಯಾಕ್ಟರೀಲಿ ಹೊಗೆ ಕುಡಿದು ಅಭ್ಯಾಸ. ಮಗು ನಿಂದು" ಅಂತ ಚುಚ್ಚಿ ಹೋದರು.

ರಾಜೇಶ್ ಬಂದವರು ಅರ್ಜಿ ಓದಿ, ಮೂಗಿನ ಹತ್ತಿರ ಒಂದು ಬಟ್ಟೆ ಹಿಡಿದು, ತಕ್ಷಣ ಕೈ ದೂರ ಮಾಡಿದರು. "ಇದು ಮಗೂದಲ್ಲ ಕಣೇ. ನಮ್ಮ ಫ್ಯಾಕ್ಟರೀಲಿ ನಕಾಶೆ ತೆಗೆಯೋ ರೂಮಿದೆ, ಬ್ಲೂ ಪ್ರಿಂಟು ಅಂತಾರಲ್ಲ. ಅಲ್ಲಿ ಹಿಂಗೇ ವಾಸನೆ ಬರುತ್ತೆ. ಅಮೋನಿಯಾ."

ಆ ಒಂದು ಮಾತಿಗೆ ಎದೆ ಮೇಲಿನ ಕಲ್ಲು ಇಳಿಯಿತು. ಇಳಿದದ್ದೇ ಸಿಟ್ಟು ಏರಿತು. ಹಾಗಾದರೆ ನನ್ನ ಮಗುವಿನಲ್ಲಿ ಏನೂ ಇಲ್ಲ. ಇದ್ದದ್ದೆಲ್ಲ ಗೋಡೆಯಾಚೆ.

ಮಾರನೇ ದಿನ ಬೆಳಿಗ್ಗೆ ಐದು ಸೇರು ರಾಗಿ ಚೀಲಕ್ಕೆ ಹಾಕಿಕೊಂಡು, ಅತ್ತೆ ಬೇಡ ಬೇಡ ಅನ್ನುತ್ತಿದ್ದ ಹಾಗೇ ಮಿಷಿನ್ನಿಗೆ ಹೋದೆ. ಬೇರೆ ಗಿರಾಕಿ ಇರಲಿಲ್ಲ. ಗಿರಿಜಾಂಬಾ ಜರಡಿ ಹಿಡಿಯುತ್ತಿದ್ದರು. ಎಂಜಿನ್ನಿನ ಹಿಂದೆ, ಮೂಲೆಯಲ್ಲಿ, ಗೋಣಿಚೀಲ ಹೊದಿಸಿಕೊಂಡು ನನ್ನ ಎದೆಯುದ್ದದ ಒಂದು ಸಿಲಿಂಡರು ನಿಂತಿತ್ತು. ಅಡುಗೆ ಅನಿಲದ್ದಲ್ಲ. ಅದರಿಂದ ಸಪೂರ ಕಬ್ಬಿಣದ ಕೊಳವೆಯೊಂದು ಎಂಜಿನ್ ಗಾಳಿ ಎಳೆದುಕೊಳ್ಳುವ ಜಾಗಕ್ಕೆ ಹೋಗಿತ್ತು.

"ಸ್ವಾಮಿಯವರೇ, ಅದರಲ್ಲಿ ಏನಿದೆ?"

ಅವರು ಸಿಲಿಂಡರ್ ನೋಡಲಿಲ್ಲ, ನನ್ನನ್ನೇ ನೋಡಿದರು. "ಯಾಕೆ ತಾಯಿ?"

"ಅಮೋನಿಯಾನಾ?"

ಗಿರಿಜಾಂಬಾ ಜರಡಿ ನಿಲ್ಲಿಸಿದರು. "ಹೇಳಿಬಿಡಿ ಅತ್ಲಾಗೆ. ಬೀದಿಯೆಲ್ಲ ನಮ್ಮನ್ನ ಕಳ್ಳಬಟ್ಟಿ ಕಾಯಿಸೋರು ಅಂತಿದೆ. ಇನ್ನು ಇದೊಂದು ಗುಟ್ಟು ಯಾಕೆ?"

ರುದ್ರಸ್ವಾಮಿ ನಮ್ಮ ರಾಗಿ ಸುರಿಯಲೇ ಇಲ್ಲ. ಸ್ಟೂಲ್ ಎಳೆದು ಕೂತರು, ನನಗೂ ಮಣೆ ತೋರಿಸಿದರು. ಹದಿನೆಂಟನೇ ವಯಸ್ಸಿಗೆ ಅವರು ಮಂಡಿ ಮೊಹಲ್ಲಾದ ಕಡೆ ಒಂದು ಐಸ್ ಫ್ಯಾಕ್ಟರಿಗೆ ಸೇರಿದವರಂತೆ. ಮೂವತ್ತು ವರ್ಷ ಕಂಪ್ರೆಸರ್ ಆಪರೇಟರು. ಐಸ್ ಆಗಬೇಕಾದರೆ ಅಮೋನಿಯಾ ಬೇಕು; ಅದು ಕೊಳವೆಯೊಳಗೆ ಸುತ್ತುತ್ತಾ ನೀರಿನ ಬಿಸಿಯನ್ನೆಲ್ಲ ಕದ್ದುಕೊಂಡು ಹೋಗುತ್ತೆ. ಒಂದು ಸಲ ಕಂಪ್ರೆಸರಿನ ಸಂದಿ ಕಿತ್ತು ಗ್ಯಾಸು ನುಗ್ಗಿದಾಗ ಹುಬ್ಬು ಹೋಯಿತು, ಕಣ್ಣು ಉಳಿಯಿತು. ಕಣ್ಣು ಉಳಿಸಿದ್ದು ಒದ್ದೆ ಟವೆಲ್ಲು.

"ನೀರು ಕಂಡ್ರೆ ಆ ಗ್ಯಾಸಿಗೆ ಪ್ರಾಣ ತಾಯಿ. ಒದ್ದೆ ಬಟ್ಟೆ ಗಟಗಟಾಂತ ಕುಡಿದುಬಿಡುತ್ತೆ. ಮೂಗಿನ ತನಕ ಬಿಡಲ್ಲ. ಅವತ್ತಿಂದ ಹೆಗಲ ಮೇಲೆ ಇದು ಇಳಿದಿಲ್ಲ."

ತೊಂಬತ್ತೆಂಟರಲ್ಲಿ ಫ್ಯಾಕ್ಟರಿ ಮುಚ್ಚಿತು. ಬಂದ ಹಣದಲ್ಲಿ ಈ ಮಿಷಿನ್ನು. ನೋಟೀಸು ಬಂದ ಮೇಲೆ ಮೊದಲು ಹೊಂಗೆ ಎಣ್ಣೆ ಹಾಕಿದರು. ಹೊಗೆ ಅರ್ಧ ಹೋಯಿತು, ಅರ್ಧ ಉಳಿಯಿತು. ಆಗ ಅವರಿಗೆ ತಮ್ಮ ಫ್ಯಾಕ್ಟರಿಯ ಹಳೇ ಎಂಜಿನಿಯರು ಒಬ್ಬರು ಆಡಿದ ಮಾತು ನೆನಪಾಯಿತಂತೆ. ಅಮೋನಿಯಾನೂ ಉರಿಯುತ್ತೆ ರುದ್ರಸ್ವಾಮಿ, ಅದಕ್ಕೆ ಒಬ್ಬರು ಬೆಂಕಿ ಹಚ್ಚಿ ಕೊಡಬೇಕು ಅಷ್ಟೇ ಅಂದಿದ್ದರಂತೆ.

"ಹೊಗೆ ಕಪ್ಪಗಿರೋದು ಯಾಕೆ? ಎಣ್ಣೇಲಿ ಇದ್ದಿಲಿದೆ, ಡೀಸೆಲ್‌ನಲ್ಲೂ ಇದೆ. ಅರೆಬರೆ ಬೆಂದ ಇದ್ದಿಲೇ ಮಸಿ. ಈ ಗ್ಯಾಸಿನಲ್ಲಿ ಇದ್ದಿಲು ಅನ್ನೋದೇ ಇಲ್ಲ. ಇಲ್ಲದ ಮೇಲೆ ಮಸಿ ಎಲ್ಲಿಂದ ಬರಬೇಕು? ಹೊಂಗೆ ಎಣ್ಣೆ ಮೊದಲು ಹತ್ತಿಕೊಳ್ಳುತ್ತೆ, ಅದರ ಉರೀಲಿ ಇದೂ ಉರಿಯುತ್ತೆ. ಎಣ್ಣೆ ಕಡಿಮೆ ಸಾಕು, ಮಸಿನೂ ಕಡಿಮೆ."

ಎದ್ದು ಹೋಗಿ ಗೂಡಿನಿಂದ ಮೂರು ಬಿಳೀ ಬಟ್ಟೆ ಚೂರು ತಂದರು. ಒಂದೊಂದನ್ನೂ ಹೊಗೆ ಕೊಳವೆಯ ಬಾಯಿಗೆ ನೂರು ಎಣಿಸುವ ತನಕ ಹಿಡಿದದ್ದಂತೆ. ಡೀಸೆಲ್ಲಿನದು ಕಾಡಿಗೆ. ಹೊಂಗೆ ಬೆರೆಸಿದ್ದು ಬೂದಿ ಬಣ್ಣ. ಗ್ಯಾಸೂ ಸೇರಿದ್ದು ಹೆಚ್ಚು ಕಡಿಮೆ ಬಿಳಿ. ಆ ಮೂರನೇ ಚೂರನ್ನು ಹಿಡಿದುಕೊಂಡಾಗ ಅವರ ಮುಖ ನೋಡಬೇಕಿತ್ತು. ಮಗಳ ಮಾರ್ಕ್ಸ್ ಕಾರ್ಡು ತೋರಿಸುವ ಅಪ್ಪನ ಹಾಗೆ.

"ಮತ್ತೆ ಬೆಳಿಗ್ಗೆ ಹಚ್ಚಿಕೊಂಡು ಸುತ್ತೋದು?"

"ಗಂಧಕದ ಬತ್ತಿ. ಅಮೋನಿಯಾ ಒಂದು ಎಳೆ ಸೋರಿದ್ರೂ ಆ ಹೊಗೆ ತಗುಲಿ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಐಸ್ ಫ್ಯಾಕ್ಟರೀಲಿ ಪ್ರತೀ ಶಿಫ್ಟು ಅದೇ ಮೊದಲ ಕೆಲಸ. ನನ್ನ ಕೊಳವೆ ಸೋರಲ್ಲ ತಾಯಿ, ದಿನಾ ನೋಡ್ತೀನಿ. ಹಿತ್ತಾಳೆ ತಾಮ್ರ ಕಂಡ್ರೆ ಈ ಗ್ಯಾಸು ತಿಂದು ಹಾಕುತ್ತೆ ಅಂತ ದೇವರ ಗಂಟೆನೂ ಮನೆ ಒಳಗೆ ಇಟ್ಟಿದೀನಿ. ಇನ್ನೇನು ಮಾಡಬೇಕು?"

"ಸೋರದೇ ಇದ್ರೆ ನನ್ನ ಮಗು ಬಟ್ಟೆ ಯಾಕೆ ನಾರುತ್ತೆ?"

ಅವರ ಮುಖ ಗಂಟಾಯಿತು. "ಮಕ್ಕಳ ಬಟ್ಟೆ ನಾರದೇ ಇರುತ್ತಾ?"

ಒಂದು ಸಲ ಅಳು ಒತ್ತಿ ಬಂತು. ಅತ್ತರೆ ಕೆಲಸ ಕೆಡುತ್ತದೆ ಅಂತ ನುಂಗಿಕೊಂಡೆ. "ಸ್ವಾಮಿಯವರೇ, ನೀವೇ ಈಗ ಹೇಳಿದ್ರಿ, ಒದ್ದೆ ಬಟ್ಟೆ ಆ ಗ್ಯಾಸನ್ನ ಕುಡಿಯುತ್ತೆ ಅಂತ. ಬೆಳಿಗ್ಗೆಯಿಂದ ಹದಿನೆಂಟು ಒದ್ದೆ ಬಟ್ಟೆ ನಿಮ್ಮ ಹೊಗೆ ಕೊಳವೆ ಮುಂದೆ ತೂಗುಹಾಕಿರ್ತೀನಿ ನಾನು. ಆ ಬತ್ತಿ ತಗೊಂಡು ನಮ್ಮ ಕಡೆ ಬನ್ನಿ. ಎಂಜಿನ್ ಓಡ್ತಾ ಇರಲಿ. ಅಲ್ಲಿ ನೋಡಿ ಆಮೇಲೆ ಮಾತಾಡಿ."

"ಎಂಜಿನ್ ಓಡುವಾಗ ಯಾಕೆ? ಓಡದೇ ಇದ್ದಾಗಲೇ ಸೋರಿಕೆ ಚೆನ್ನಾಗಿ ಗೊತ್ತಾಗೋದು."

"ವಾಸನೆ ಬರೋದು ಓಡುವಾಗ."

ಅವರು ಎದ್ದು ನಮ್ಮ ರಾಗಿಯನ್ನು ಮಿಷಿನ್ನಿಗೆ ಸುರಿದರು. ರಾಗಿ ಬೀಸಿ ಕೊಟ್ಟರು. ಚೀಲ ಕಟ್ಟಿಕೊಡುವಾಗ, "ನಾಳೆ ಹತ್ತಕ್ಕೆ ಬರ್ತೀನಿ. ಮಗುವನ್ನ ಬೇರೆ ಕಡೆ ಕಳಿಸಿರಿ. ಗಂಧಕದ ಹೊಗೆನೂ ಒಳ್ಳೇದಲ್ಲ" ಅಂದರು.

ಆ ಮಾತಿಗೆ ಸಿಟ್ಟು ಅರ್ಧ ಇಳಿಯಿತು. ಆದರೂ ಅವತ್ತು ಅರ್ಜಿಯನ್ನು ಮಾದೇವಮ್ಮನವರಿಗೆ ವಾಪಸು ಕೊಡಲಿಲ್ಲ. ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಇಷ್ಟು ಚೆನ್ನಾಗಿ ಮಾತಾಡುವವರನ್ನು ನಂಬಲು ನನಗೆ ಯಾವಾಗಲೂ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಮಾರನೇ ದಿನ ಅತ್ತೆ ಮಗುವನ್ನು ಎತ್ತಿಕೊಂಡು ರಸ್ತೆಯ ಆ ತುದಿಯ ಸೊಸೈಟಿ ಜಗಲಿಗೆ ಹೋದರು. ರುದ್ರಸ್ವಾಮಿ ಎಂಜಿನ್ ಶುರು ಮಾಡಿ, ಗ್ಯಾಸಿನ ತಿರುಪು ತೆರೆದು, ಬತ್ತಿ ಹಚ್ಚಿಕೊಂಡರು. ನಾನು ಸೆರಗನ್ನು ಒದ್ದೆ ಮಾಡಿ ಮೂಗಿಗೆ ಹಿಡಿದುಕೊಂಡು ಜೊತೆಗೇ ನಡೆದೆ. ಒಬ್ಬರನ್ನೇ ಬಿಡುವವಳಲ್ಲ ನಾನು. ಮೊದಲು ಸಿಲಿಂಡರಿನ ಕುತ್ತಿಗೆ. ಬತ್ತಿಯ ಹೊಗೆ ತೆಳ್ಳಗೆ, ಇದ್ದ ಹಾಗೇ. ಕೊಳವೆಯ ಪ್ರತಿಯೊಂದು ಸಂದು. ಏನೂ ಇಲ್ಲ. ನನ್ನ ಕಡೆ ತಿರುಗಿ ಹುಬ್ಬಿಲ್ಲದ ಕಣ್ಣನ್ನೂ ಎತ್ತಿ, ನೋಡಿದಿರಾ ಅನ್ನುವ ಹಾಗೆ ತಲೆ ಆಡಿಸಿದರು.

ನಮ್ಮ ಹಿತ್ತಿಲಿಗೆ ಬಂದರು. ಗಾಳಿ ಬೀಸಿತು. ತಂತಿಯ ಹತ್ತಿರ ಬಂದ ತಕ್ಷಣ ಬತ್ತಿಯಿಂದ ಏಳುತ್ತಿದ್ದ ಹೊಗೆ ಒಮ್ಮೆಗೇ ಬೆಳ್ಳಗಾಯಿತು. ಹತ್ತಿ ಹಿಂಜಿದ ಹಾಗೆ. ಅವರು ಕೈ ಹಿಂದಕ್ಕೆ ತೆಗೆದರು, ತೆಳ್ಳಗಾಯಿತು. ಒಂದು ಒದ್ದೆ ಬಟ್ಟೆಯ ಅಂಚಿಗೆ ಹಿಡಿದರು, ಮತ್ತೆ ಬೆಳ್ಳಗೆ. ಗೋಡೆಯ ಮೇಲೆ ಬಗ್ಗಿ ಎಂಜಿನ್ ಕೊಳವೆಯ ಬಾಯಿಗೆ ಹಿಡಿದರು. ಅಲ್ಲಿ ಹಾಲು ಉಕ್ಕಿದ ಹಾಗೆ ಉಕ್ಕಿತು.

ಆಮೇಲೆ, ನಾನು ಹೇಳದೇ ಇದ್ದರೂ, ಅವರೇ ನಮ್ಮ ಹಿಂದಿನ ವರಾಂಡಕ್ಕೆ ಬಂದರು. ತೊಟ್ಟಿಲು ತೂಗುಹಾಕಿದ ಕೊಕ್ಕೆಯ ಕೆಳಗೆ ಬತ್ತಿ ಹಿಡಿದರು. ಅಲ್ಲೂ, ದಟ್ಟವಾಗಿ ಅಲ್ಲ, ಒಂದು ನೂಲೆಳೆಯಷ್ಟು ಬಿಳುಪು.

ಬತ್ತಿಯನ್ನು ನೆಲಕ್ಕೆ ಒತ್ತಿ ಆರಿಸಿದರು.

"ಐಸ್ ಫ್ಯಾಕ್ಟರೀಲಿ ಗ್ಯಾಸು ಹೊರಗೆ ಹೋಗಲ್ಲ ತಾಯಿ" ಅಂದರು. ದನಿ ಬಿದ್ದುಹೋಗಿತ್ತು. "ಹೋದ ಕೊಳವೇಲೇ ಸುತ್ತಿ ವಾಪಸು ಬರುತ್ತೆ. ಸಂದು ಬಿಗಿಯಾಗಿದ್ರೆ ಎಲ್ಲ ಬಿಗಿ ಅಂತ ಲೆಕ್ಕ. ಮೂವತ್ತು ವರ್ಷ ಬರೀ ಸಂದು ನೋಡಿದೋನು ನಾನು. ಎಂಜಿನ್ನು ಉಗುಳುತ್ತೆ ಅನ್ನೋದೇ ಹೊಳೀಲಿಲ್ಲ. ಪೂರಾ ಉರಿದುಹೋಗುತ್ತೆ ಅಂದುಕೊಂಡಿದ್ದೆ. ನನ್ನ ಮೂಗೋ, ಇಪ್ಪತ್ತು ವರ್ಷದ ಕೆಳಗೇ ಈ ವಾಸನೆಗೆ ಸತ್ತಿದೆ."

ಅವರು ಗಾಳಿಗೆ ಮೂಗೆತ್ತಿ ಮೂಸುತ್ತಿದ್ದದ್ದು ನೆನಪಾಗಿ ಪಾಪ ಅನ್ನಿಸಿತು. ಒಂದು ಕ್ಷಣ, ಅಷ್ಟೇ. ಯಾಕೆಂದರೆ ಮುಂದಿನ ಮಾತು ಇದು:

"ಒಂದೇ ಒಂದು ವಾರ ಬಿಡಿ ತಾಯಿ. ಗ್ಯಾಸು ನಿಲ್ಲಿಸಿದ್ರೆ ಹೊಗೆ ಮತ್ತೆ ಕಾಣುತ್ತೆ. ತಪಾಸಣೆ ಆಗಿಹೋಗಲಿ. ಅದರ ಮಾರನೇ ದಿನವೇ ಸಿಲಿಂಡರ್ ವಾಪಸು ಕಳಿಸಿಬಿಡ್ತೀನಿ. ಇಲ್ಲದಿದ್ರೆ ಈ ಮಿಷಿನ್ನು ಮುಚ್ಚಬೇಕಾಗುತ್ತೆ."

ಗೋಡೆಯಾಚೆ ಗಿರಿಜಾಂಬಾ ನಿಂತಿದ್ದರು. ಕೈಯಲ್ಲಿ ಜರಡಿ ಹಾಗೇ ಇತ್ತು.

"ಆಗಲ್ಲ" ಅಂದೆ. "ನಿಮಗೆ ಅದು ಒಂದು ವಾರ. ಅವಳು ಹುಟ್ಟಿಯೇ ಆರು ತಿಂಗಳು. ಅರ್ಜಿ ನಮ್ಮ ಮನೇಲೇ ಇದೆ, ನನ್ನ ಸಹಿಗೆ ಜಾಗ ಖಾಲಿ ಬಿಟ್ಟಿದಾರೆ. ಇವತ್ತು ತಿರುಪು ಮುಚ್ಚಿ. ಸಿಲಿಂಡರ್ ಆಚೆ ಹೋಗೋದನ್ನ ನಾನು ಕಣ್ಣಾರೆ ನೋಡಬೇಕು."

ಇಷ್ಟು ಗಟ್ಟಿಯಾಗಿ ನಾನು ಹಿರಿಯರ ಮುಂದೆ ಮಾತಾಡಿದ್ದು ಅದೇ ಮೊದಲು. ಅವರು ನನ್ನನ್ನು ದಿಟ್ಟಿಸಿ ನೋಡಿ, ಗೋಡೆ ದಾಟಿ ಹೋಗಿ ಎಂಜಿನ್ ನಿಲ್ಲಿಸಿದರು. ಆ ಸದ್ದು ನಿಂತ ಮೇಲೆ ಬೀದಿಯೇ ಖಾಲಿಯಾದ ಹಾಗೆ ಅನ್ನಿಸಿತು.

ನಂಬಿದೆನೇ? ಇಲ್ಲ. ಮಾರನೇ ದಿನ ಎಂಜಿನ್ ಶುರುವಾದಾಗ ಹತ್ತು ಹತ್ತು ನಿಮಿಷಕ್ಕೆ ಹಿತ್ತಿಲಿಗೆ ಹೋದೆ, ಬಟ್ಟೆ ಮೂಸಿದೆ. ಹೊಗೆ ಬೂದಿ ಬಣ್ಣದ್ದು, ಒಗ್ಗರಣೆ ಸೀದ ವಾಸನೆ. ಆದರೂ ಸಂಜೆಯೊಳಗೆ ಮನಸ್ಸು ಬದಲಾಯಿಸಿದರೆ? ಸಿಲಿಂಡರಿಗೆ ಗೋಣಿಚೀಲ ಹೊದಿಸಿದವರಲ್ಲವೇ? ನಾನು ಬಗ್ಗಿ ಬಗ್ಗಿ ನೋಡುವುದನ್ನು ಕಂಡಿರಬೇಕು. ಮಧ್ಯಾಹ್ನ ನೋಡುತ್ತೇನೆ, ಶೆಡ್ಡಿನ ಹಿಂಬದಿಯ ಎರಡು ತಗಡು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದಾರೆ. ಗೋಣಿಚೀಲವೂ ಇಲ್ಲ. ಎಂಜಿನ್ನು, ಕಳಚಿದ ಕಬ್ಬಿಣದ ಕೊಳವೆ, ಒಂಟಿಯಾಗಿ ನಿಂತ ಸಿಲಿಂಡರು, ಎಲ್ಲ ನಮ್ಮ ಬಚ್ಚಲ ಕಿಟಕಿಗೇ ಕಾಣುವ ಹಾಗೆ. ಮೂರನೇ ದಿನ ಟೆಂಪೋ ಬಂತು. ಸಿಲಿಂಡರನ್ನು ಹಗ್ಗ ಕಟ್ಟಿ ಹತ್ತಿಸಿದರು. ನಾನು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಟೆಂಪೋ ತಿರುವು ದಾಟುವ ತನಕ ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಅಕ್ಕಿ ಡಬ್ಬದ ಕೆಳಗಿನ ಅರ್ಜಿಯನ್ನು ಸಹಿ ಹಾಕದೆಯೇ ಮಾದೇವಮ್ಮನವರಿಗೆ ವಾಪಸು ಕೊಟ್ಟೆ.

ತಪಾಸಣೆಯ ದಿನ ಪಂಚಾಯಿತಿ ಸೆಕ್ರೆಟರಿಯ ಜೊತೆ ಇನ್ನೊಬ್ಬರು ಬಂದರು. ಮಾದೇವಮ್ಮ ಮುಂದೆ ನಿಂತಿದ್ದರು. ರುದ್ರಸ್ವಾಮಿ ಎಂಜಿನ್ ಶುರು ಮಾಡಿದರು. ಹೊಗೆ ಕಂಡಿತು. ಏಪ್ರಿಲ್ಲಿನ ಹೊಗೆ ಅಲ್ಲ, ಆದರೂ ಹೊಗೆಯೇ. ಗಿರಿಜಾಂಬಾ ಕಣ್ಣು ಮುಚ್ಚಿಕೊಂಡರು.

ಸೆಕ್ರೆಟರಿ ಗೋಡೆಯ ಮೇಲಿಂದ ನನ್ನನ್ನು ಕೇಳಿದರು. "ಗೋಡೆ ಪಕ್ಕದೋರು ನೀವೇ ಅಲ್ವೇನಮ್ಮ? ಅರ್ಜೀಲಿ ನಿಮ್ಮ ಸಹಿ ಇಲ್ಲ. ತೊಂದರೆ ಇದೆಯೋ ಇಲ್ವೋ?"

"ಇದೆ" ಅಂದೆ. ಮಾದೇವಮ್ಮ ನಕ್ಕರು.

"ಬಟ್ಟೆ ಮೇಲೆ ಮಸಿ ಬೀಳುತ್ತೆ ಸಾರ್. ಮುಂಚೆ ಬೀಳ್ತಿದ್ದಷ್ಟಿಲ್ಲ, ಹೊಂಗೆ ಎಣ್ಣೆ ಹಾಕಿದ ಮೇಲೆ ಅರ್ಧ ಆಗಿದೆ. ಕೊಳವೆ ನಮ್ಮ ತೊಟ್ಟಿಲ ಕಡೆ ಮುಖ ಮಾಡಿದೆ. ಅದನ್ನ ಚಾವಣಿಗಿಂತ ಎತ್ತರ ಮಾಡಿ, ಹೊಲದ ಕಡೆ ತಿರುಗಿಸಿದ್ರೆ ನಮಗೆ ತೊಂದರೆ ಇಲ್ಲ. ಇವತ್ತಿರೋ ಹೊಗೆಗೆ ಮಿಷಿನ್ ಮುಚ್ಚಬೇಕು ಅಂತ ನಾನು ಬರೆದುಕೊಡಲ್ಲ. ಮತ್ತೆ ಹೆಚ್ಚಾದ್ರೆ ಬರೆದುಕೊಡ್ತೀನಿ."

"ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ ಅಮ್ಮ. ಇಷ್ಟುದ್ದ ಬರೆಯೋಕೆ ಜಾಗ ಇಲ್ಲ."

"ಹಿಂದುಗಡೆ ಬರೀರಿ ಸಾರ್, ಖಾಲಿ ಇದೆ."

ಬರೆದರು. ಕೊಳವೆ ಎತ್ತರಿಸಲು ಹದಿನೈದು ದಿನ ಕೊಟ್ಟು ಹೋದರು. ರುದ್ರಸ್ವಾಮಿ ಹತ್ತೇ ದಿನದಲ್ಲಿ ಎತ್ತರಿಸಿದರು. ಮಾದೇವಮ್ಮ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಸಿಲಿಂಡರಿನ ವಿಷಯ ನಾನು ಸೆಕ್ರೆಟರಿಗೆ ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ರುದ್ರಸ್ವಾಮಿ ಅದನ್ನು ಇಲ್ಲಿಂದ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೆ, ಅಷ್ಟೇ ಸಾಕು ಅಂದುಕೊಂಡೆ.

ಆ ಮನೆಯಲ್ಲಿ ನಾವು ಇನ್ನೂ ಮೂರು ವರ್ಷ ಇದ್ದೆವು. ರುದ್ರಸ್ವಾಮಿ ಹೊಂಗೆ ಎಣ್ಣೆಯನ್ನು ಬಿಡಲಿಲ್ಲ. ಎಷ್ಟು ಬೆರೆಸಬೇಕು, ಎಷ್ಟು ಬಿಸಿ ಮಾಡಬೇಕು ಅಂತ ದಿನಾ ಒದ್ದಾಡುತ್ತಲೇ ಇದ್ದರು. ಒಂದೊಂದು ದಿನ ಎಂಜಿನ್ನಿನ ಸದ್ದು ಬದಲಾಗುತ್ತಿತ್ತು. ಒಲೆಯ ಮೇಲೆ ಏನಿದ್ದರೂ ಬಿಟ್ಟು ಗೋಡೆಗೆ ಓಡುತ್ತಿದ್ದೆ. ಅವರು ನನ್ನ ಕಡೆ ತಿರುಗದೆ, ಬೆಲ್ಟಿನ ಮೇಲಿಂದ ಕೈ ತೆಗೆಯದೆ, "ಎಣ್ಣೆ ಮಾತ್ರ ತಾಯಿ, ಎಣ್ಣೆ ಮಾತ್ರ" ಅನ್ನುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಅವರು ಒಂದು ದಿನವೂ ಸುಳ್ಳು ಹೇಳಲಿಲ್ಲ. ಆದರೂ ನಾನು ಗಾಳಿಗೆ ಮುಖ ಮಾಡಿ, ಎರಡು ಸಲ ಉಸಿರೆಳೆದು ನೋಡಿಯೇ ಒಳಗೆ ಬರುತ್ತಿದ್ದೆ.